ದನಿಯ ಬೀಗ

ಭವ್ಯ ಕುಕ್ಕಿದ ರಭಸಕ್ಕೆ ಫೋನಿನ ರಿಸೀವರ್ ಬಿರುಕುಬಿಟ್ಟಿತು. ಇದು ನಿಜವಾಗಿ ನಡೆದದ್ದು. ನಂಬದವರು ಮಧುಗಿರಿಗೆ ಹೋಗಿ, ನಾಗಭೂಷಣ್ ಅವರ ಹುಣಸೆ ಮಂಡಿಯ ಮಹಡಿ ಹತ್ತಿ, ಆ ಬಿರುಕನ್ನು ಮುಟ್ಟಿ ನೋಡಬಹುದು.

“ಅದು ರುದ್ರಯ್ಯ ಅಲ್ಲ, ಆ ಹಾಲೇಶನೇ. ಮೂಗಲ್ಲಿ ಎಳೀತಿದ್ದದ್ದು ಕೇಳಿಸ್ಲಿಲ್ವಾ ನಿಮಗೆ?”

“ರುದ್ರಯ್ಯ ಹುಟ್ಟಿದಾಗಿಂದ್ಲೂ ಮೂಗಲ್ಲೇ ಮಾತಾಡೋದು ಕಣಮ್ಮ,” ಎಂದರು ನಾಗಭೂಷಣ್.

“ಕಾಲೇಜಲ್ಲಿ ನಮ್ಮ ಪ್ರಿನ್ಸಿಪಾಲರ ದನಿಯಲ್ಲಿ ಮೈಕ್ ಹಿಡಿದು ಇಡೀ ಕಾಲೇಜಿಗೇ ರಜೆ ಕೊಟ್ಟವನು ಅವನು. ನಂಗೊತ್ತು ಬಿಡಿ.”

ಜಗಳದ ಬೇರು ‘ಕಿರ್ದಿ’. ಅಂಗಡಿ ಲೆಕ್ಕಕ್ಕೆಂದು ಭವ್ಯ ಮತ್ತು ಹಾಲೇಶ್ ಸೇರಿ ಬರೆದ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಲೂಬಹುದು. ಎಲ್ಲರದ್ದಾದ್ದರಿಂದ ಅದಕ್ಕೆ ಯಜಮಾನರಿಲ್ಲ. ಮುಂದಿನ ವರ್ಷ ಏನು ಸೇರಿಸಬೇಕೆಂಬುದನ್ನು ತಾಲ್ಲೂಕಿಗೊಬ್ಬರಂತೆ ನಾಲ್ವರು ಅಂಗಡಿಯವರು ಮತ ಹಾಕಿ ತೀರ್ಮಾನಿಸುತ್ತಾರೆ. ಸಮ ಬಿದ್ದರೆ ನಾಗಭೂಷಣ್ ಹೇಳಿದ್ದೇ ಕೊನೆ.

ಈ ಸಲ ಚರ್ಚೆಗಿದ್ದದ್ದು ಭವ್ಯಳ ಯೋಜನೆಯೊಂದೇ. ಎಂಟು ತಿಂಗಳ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದಿದ್ದಳು. ಇನ್ನು ಮುಂದೆ ಅಂಗಡಿಯವರು ಕೀಲಿಮಣೆ ತಡಕುವಂತಿಲ್ಲ. ಬಾಯಲ್ಲಿ ಹೇಳಿದರೆ ಕಿರ್ದಿ ಬರೆದುಕೊಳ್ಳುತ್ತದೆ. ಪಾಸ್‌ವರ್ಡೂ ಬೇಡ, ಒಡೆಯರ ದನಿ ಕೇಳಿದರೆ ಸಾಕು, ಲೆಕ್ಕ ತೆರೆದುಕೊಳ್ಳುತ್ತದೆ. ಇವತ್ತು ಒಪ್ಪಿಗೆ ಸಿಗದಿದ್ದರೆ ಅಷ್ಟೂ ಕೆಲಸ ಕಸದ ಬುಟ್ಟಿಗೆ.

ಹಾಲೇಶ್ ಮೊದಲ ದಿನದಿಂದಲೂ ಅಡ್ಡಗಾಲು. ಅವಳು ಕಿರ್ದಿಯ ಮೆಸೇಜ್ ಗುಂಪಿನಲ್ಲಿ ಏನು ಬರೆದರೂ ಕೆಳಗೆ ಅವನದೊಂದು ಸಾಲು: ಬೀಗದ ಕೈಯನ್ನು ದನಿಗೆ ಕೊಡಬೇಡ. ‘ನಮ್ಮ ಜನರ ದನಿ ನನಗೆ ಕಣ್ಣು ಕಟ್ಟಿದರೂ ಗೊತ್ತಾಗುತ್ತೆ’ ಎಂದು ಅವಳ ಉತ್ತರ. ಆ ಹಠಕ್ಕೇ ಮತದಾನವನ್ನೂ ಫೋನಿನಲ್ಲಿಟ್ಟಳು. ಅದೂ ನಂಬರ್ ತೋರಿಸದ ಮಂಡಿಯ ಹಳೆಯ ಲ್ಯಾಂಡ್‌ಲೈನಿನಲ್ಲಿ. ದನಿಯೇ ಗುರುತು, ದನಿಯೇ ಸಹಿ. ವ್ಯಾಪಾರ ಬಿಟ್ಟು ಬರಲಾಗದ ನಾಲ್ವರಿಗೂ ಅದೇ ಅನುಕೂಲವಾಯಿತು. ಹಾಲೇಶ್ ಮಾತ್ರ ಶಿರಾದಲ್ಲಿ ಬಸ್ ತಪ್ಪಿತೆಂದು ಮೆಸೇಜ್ ಹಾಕಿ ಕೂತಿದ್ದ.

ಮೊದಲ ಕರೆ ಪಾವಗಡ ತಾಲ್ಲೂಕಿನದು. ವೈ.ಎನ್.ಹೊಸಕೋಟೆಯಲ್ಲಿ ಶೇಂಗಾ ವ್ಯಾಪಾರ ಮಾಡುವ ಕರಿಬಸಮ್ಮ.

“ಚಾಲಾ ಬಾಗುಂದಿ ತಲ್ಲಿ, ಬಾಳ ಚೆನ್ನಾಗೈತೆ. ಲೆಕ್ಕ ಬರೆಯೋಕೆ ಕನ್ನಡಕ ಹುಡ್ಕೋ ಕೆಲ್ಸ ತಪ್ತು. ನನ್ನ ಓಟು ನಿಂಗೇ.”

ಎರಡನೆಯದು ದೊಡ್ಡೇರಿಯ ದಿನಸಿ ಅಂಗಡಿಯ ರಂಗರಾಜು. “ಮಾಡ್ಬುಡವ್ವ ಭವ್ಯ. ಆ ಹಾಲೇಶನ ಮಾತು ಕಟ್ಕೊಂಡ್ರೆ ನಾವು ಇನ್ನೂ ಬಳಪ ಹಿಡ್ಕೊಂಡೇ ಇರ್ಬೇಕಾಯ್ತದೆ.”

ಸದ್ದುಗದ್ದಲವಿಲ್ಲದ, ಬಿಡಿಬಿಡಿಯಾದ ಮಾತು. ಭವ್ಯಳಿಗೆ ಕಿವಿಯಲ್ಲಿ ಹಾಲು ಹುಯ್ದಂತಾಯಿತು.

ಆಮೇಲೆ ಕಳ್ಳಂಬೆಳ್ಳದ ಗೊಬ್ಬರದ ಅಂಗಡಿಯ ಚಿಕ್ಕರಂಗಯ್ಯ. ಲಾರಿಯ ಹಾರನ್ ನಡುವೆ ಕೂಗಿದರು: “ಬ್ಯಾಡ ಕಣಮ್ಮ. ನೆಗಡಿ ಆದ್ರೆ ನನ್ ದನಿ ನನ್ನೆಂಡ್ರಿಗೇ ಗುರ್ತು ಸಿಕ್ಕಾಕಿಲ್ಲ, ನಿನ್ ಮಿಶನ್ನಿಗೆ ಹೆಂಗ್ ಸಿಕ್ತದೆ?”

ಕೊನೆಗೆ ಕೊರಟಗೆರೆಯ ಕಬ್ಬಿಣದ ಅಂಗಡಿಯ ರುದ್ರಯ್ಯ. “ಇಂಗೆಲ್ಲ ಆಟ ಆಡ್ಬ್ಯಾಡಿ. ನಂದು ಇಲ್ಲ.” ಆಗಲೇ ರಿಸೀವರಿಗೆ ಗ್ರಹಚಾರ ವಕ್ಕರಿಸಿದ್ದು.

“ಇಬ್ಬರ ಬಾಯಲ್ಲೂ ಹಾಲೇಶನ ಮಾತೇ. ಅವು ಕಳ್ಳ ಮತ, ನಾನು ಒಪ್ಪಲ್ಲ,” ಎಂದವಳೇ ಭವ್ಯ ತನ್ನ ಮೊಬೈಲಿನಿಂದ ರುದ್ರಯ್ಯನವರಿಗೆ ವಿಡಿಯೊ ಕರೆ ಮಾಡಿದಳು. ಪರದೆಯ ತುಂಬ ವಿಭೂತಿ ಹಣೆ, ಅದರ ಕೆಳಗೆ ಉರಿಯುವ ಕಣ್ಣು.

“ಈಗ ಫೋನ್ ಮಾಡಿದ್ದು ನೀವೇನಾ?”

“ನಾನಲ್ದೆ ನಿಮ್ ತಾತ ಮಾಡಿದ್ನಾ? ನಲವತ್ತು ವರ್ಷದಿಂದ ಇದೇ ಗಲ್ಲಾಪೆಟ್ಟಿಗೆ ಮುಂದೆ ಕೂತಿವ್ನಿ. ನಾನೇ ನಾನು ಅನ್ನೋಕೆ ನಿಂಗೆ ಸರ್ಟಿಫಿಕೇಟ್ ತರ್ಬೇಕಾ?”

ಚಿಕ್ಕರಂಗಯ್ಯನವರಿಗೂ ಮಾಡಿದಳು. ಅವರು ಗೊಬ್ಬರದ ಮೂಟೆಗಳನ್ನು ತೋರಿಸಿ, ಪಕ್ಕದಲ್ಲಿದ್ದ ಹೆಂಡತಿಯ ಕಡೆಗೂ ಮೊಬೈಲು ತಿರುಗಿಸಿದರು. “ಲೇ, ನಾನು ಯಾರು ಅಂತ ಈ ಹುಡುಗಿಗೆ ಹೇಳೇ.” ಆಯಮ್ಮ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮತ ಎರಡೂ ಅಸಲಿ. ಭವ್ಯಳ ಕಿವಿ ಕೆಂಪಾಯಿತು. ತಪ್ಪು ತನ್ನದೆಂದು ಗೊತ್ತಾದ ಮೇಲೆ ಸಿಟ್ಟು ಇನ್ನಷ್ಟು ಏರಿತು, ಈಗ ಯಾರ ಮೇಲೆಂಬುದು ಮಾತ್ರ ಗೊತ್ತಾಗಲಿಲ್ಲ.

“ಎರಡಕ್ಕೆರಡು,” ಎಂದರು ನಾಗಭೂಷಣ್, ಭವ್ಯಳ ಯೋಜನೆ ಬರೆದಿದ್ದ ಹಾಳೆಯನ್ನು ಮುಂದಕ್ಕೆಳೆದು ಪೆನ್ನಿನ ಮುಚ್ಚಳ ತೆಗೆಯುತ್ತ. “ಕರಿಬಸಮ್ಮ ಅಷ್ಟು ಆಸೆಯಿಂದ ಕೇಳವ್ಳೆ. ಆಗ್ಲಿ, ಒಪ್ಗೆ ಅಂತ ಬರ್ದು ಸೈನ್ ಆಕ್ಬುಡ್ತೀನಿ.”

ಅಷ್ಟರಲ್ಲಿ ಹಾಲೇಶ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

“ನೀನು ಸೋತಿದ್ದನ್ನ ನೋಡೋಕೆ ಶಿರಾದಿಂದ ಬಂದ್ಯೇನೋ?” ಎಂದಳು ಭವ್ಯ.

“ತಾಳಣ್ಣ, ಸೈನ್ ಹಾಕ್ಬೇಡಿ. ಭವ್ಯ, ನಿನ್ ಪರ ಓಟ್ ಹಾಕಿದ ಇಬ್ಬರಿಗೆ ವಿಡಿಯೊ ಮಾಡಿದ್ಯಾ?”

“ಅವರ ಮೇಲೆ ನಂಗ್ಯಾಕೋ ಅನುಮಾನ?”

“ಸುಮ್ನೆ ಮಾಡು.”

ಅವನ ಮುಖಕ್ಕೆ ಹೊಡೆದಂತಾಗಲೆಂದೇ ಮಾಡಿದಳು. ಶೇಂಗಾ ರಾಶಿಯ ಪಕ್ಕ ಕೂತಿದ್ದ ಕರಿಬಸಮ್ಮ ನಗು ತಡೆಯಲಾರದೆ ಆಗಲೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

“ನಾನೆಲ್ಲಿ ಓಟ್ ಹಾಕ್ದೆ ತಲ್ಲಿ? ನೀವು ಫೋನ್ ಮುಟ್ಬೇಡಿ, ನಿಮ್ದೂ ರಂಗರಾಜಣ್ಣಂದೂ ಎರಡೂ ನಾನೇ ಹಾಕ್ತೀನಿ ಅಂದಿದ್ದ ಆ ಹಾಲೇಶ. ನನ್ನಂಗೇ ಮಾತಾಡಿದ್ನಾ, ಹೇಳು?”

ಹುಣಸೆ ಬಿಡಿಸುತ್ತಿದ್ದ ಹೆಂಗಸರು ಕೆಳಗಿನಿಂದ ತಲೆಯೆತ್ತಿ ನೋಡುವಷ್ಟು ಜೋರಾಗಿ, ಹಾಲೇಶನಿಗಿಂತ ಮೊದಲು ನಕ್ಕವಳು ಭವ್ಯ. ನಗುತ್ತಲೇ ನಾಗಭೂಷಣ್ ಕೈಯಿಂದ ಪೆನ್ನು ಕಸಿದು, ಹಾಳೆಯಲ್ಲಿದ್ದ ‘ಪಾಸ್‌ವರ್ಡ್ ಬೇಡ’ ಎಂಬ ಸಾಲನ್ನು ತಾನೇ ಹೊಡೆದುಹಾಕಿದಳು.