ಸಲಹಾ ಪೆಟ್ಟಿಗೆ

ಮೂರು ತಿಂಗಳ ಹಿಂದೆ ನೇತುಹಾಕಿದ ಸಲಹಾ ಪೆಟ್ಟಿಗೆಯ ಬೀಗ ತೆಗೆದು, ನಗರಸಭೆಯ ಅಧಿಕಾರಿ ಬ್ರೆಡಾ ಅದರೊಳಗಿನ ಚೀಟಿಗಳನ್ನೆಲ್ಲ ಆಸ್ಪತ್ರೆಯ ಮೇಜಿನ ಮೇಲೆ ಸುರಿದಳು. ನರ್ಸ್ ಮಿಲೋಯ್ಕಾಳ ಮುಖ ಅರಳಿತು.

"ನೋಡಿದ್ರಾ ಮೇಡಂ! ನಮ್ಮೂರೋರು ಬಾಯೇ ಬಿಡಲ್ಲ ಅಂತಿದ್ರಲ್ಲ?"

ಬ್ರೆಡಾ ಒಂದೊಂದೇ ಚೀಟಿ ಬಿಡಿಸಿ ಓದಿದಳು. ದೂರೂ ಇಲ್ಲ, ಸಲಹೆಯೂ ಇಲ್ಲ. 'ಬಿಪಿ ಮಾತ್ರೆ, ಎಂದಿನಂತೆ.' 'ಸಕ್ಕರೆ ಕಾಯಿಲೆಯದ್ದು, ಒಂದು ತಿಂಗಳಿಗೆ.'

"ಈ ಪೆಟ್ಟಿಗೆ ನೇತುಹಾಕಿದ ಜಾಗದಲ್ಲಿ ಮೊದಲು ಏನಿತ್ತು?"

"ಮಾತ್ರೆ ಮುಗಿದೋರು ಮತ್ತೆ ಬೇಕು ಅಂತ ಚೀಟಿ ಬರೆದು ಹಾಕೋ ಡಬ್ಬ. ಅದನ್ನ ಒಳಗಡೆ ಇಟ್ವಿ. ಯಾಕೆ?"

ಒಂದೇ ಕೈಬರಹದ ಮೂರು ಚೀಟಿಗಳು ಸಿಕ್ಕವು. ಕೊನೆಯದಕ್ಕೆ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೇ ಅಂಟಿಸಲಾಗಿತ್ತು: 'ಮೂರನೇ ಸಲ ಕೇಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಹೃದಯದ ಮಾತ್ರೆ. ವೆಕೊಸ್ಲಾವ್.'

"ವೆಕೊಸ್ಲಾವ್ ಹೇಗಿದ್ದಾರೆ?"

"ಆ ಅಜ್ಜನಾ?" ಮಿಲೋಯ್ಕಾ ನಕ್ಕಳು. "ಗುಣ ಆಗಿರ್ಬೇಕು. ಇತ್ತೀಚೆಗೆ ಈ ಕಡೆ ತಲೇನೇ ಹಾಕಿಲ್ಲ."