ನಗುವಿನ ನಂತರ ನಿದ್ದೆ

ಮನುಷ್ಯರನ್ನೆಲ್ಲ ಒಂದೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಹುಟ್ಟಿಸುತ್ತಿದ್ದ ಕಾಲವದು. ಗಂಡು ನೋಡಲು ಹೋದವರು ಉಪ್ಪಿಟ್ಟು ಮುಗಿಸಿ "ಮೂಲಪಟ್ಟಿ" ಎಂದು ಆಜ್ಞೆ ಕೊಟ್ಟರೆ ಸಾಕು, ಹುಟ್ಟಿನೊಂದಿಗೆ ಬಂದ ಪ್ಯಾಕೇಜುಗಳನ್ನು ಹುಡುಗನ ಬಾಯಿ ಅಕಾರಾದಿಯಾಗಿ ತಾನೇ ಒಪ್ಪಿಸುತ್ತಿತ್ತು.

ಚಂಪಾವತಿಯ ಮನೆಯವರು ನೋಡಲು ಬಂದಾಗ ವೃಷಭೇಂದ್ರನೂ ಒಪ್ಪಿಸಿದ: "ಅಳು, ಆಕಳಿಕೆ... ನಗು, ನಿದ್ದೆ... ಹಸಿವು."

"ನಗು ಆದಮೇಲೆ ನಾಚಿಕೆ ಬರಬೇಕಿತ್ತಲ್ಲ!" ಎಂದರು ಹುಡುಗಿಯ ಅಜ್ಜಿ ನೀಲಮ್ಮ. "ನಾಚಿಕೆಗೆಟ್ಟವನಿಗೆ ನಮ್ಮ ಹುಡುಗಿಯನ್ನು ಕೊಡೋದಿಲ್ಲ. ಏಳೇ ಚಂಪಾ."

ಹುಡುಗನ ಕಿವಿಗಳು ದಾಸವಾಳದಂತೆ ಕೆಂಪಾದುದನ್ನು ಚಂಪಾವತಿಯೊಬ್ಬಳೇ ಕಂಡಿದ್ದಳು; ಅವನು ಅವಳಿಗೆ ಬೇಕಾಗಿದ್ದ. ಅಜ್ಜಿಯತ್ತ ಬಾಗಿ ಮೆಲ್ಲಗೆ ಹೇಳಿದಳು: "ಮೂಲಪಟ್ಟಿ."

ಹಿರಿಯರಿಗೆ ಯಾರೂ ಕೊಡದ ಆಜ್ಞೆ ಅದು. ಆದರೆ ಅಜ್ಜಿಯ ಬಾಯಿಗೆ ಹಿರಿತನದ ಹಂಗಿರಲಿಲ್ಲ. "ಅಳು, ಆಕಳಿಕೆ..." ಎಂದು ಹೊರಟದ್ದು ನಗುವಿನಿಂದ ನೇರವಾಗಿ ನಿದ್ದೆಗೆ ಜಿಗಿಯಿತು.

ಅಜ್ಜಿ ಸೆರಗನ್ನು ಮುಖದ ತುಂಬ ಎಳೆದುಕೊಂಡರು.

"ಹುಟ್ಟುವಾಗ ಇರಲಿಲ್ಲ ಅಜ್ಜಿ, ಈಗ ಬಂತು ನೋಡು," ಎಂದಳು ಚಂಪಾವತಿ.

ಸೆರಗಿನೊಳಗಿನಿಂದಲೇ ಉತ್ತರ ಬಂತು: "ಸಾಕು ಬಿಡೇ, ತಲೆಹರಟೆ. ತಾಂಬೂಲ ಬದಲಾಯಿಸೋಣ, ತಟ್ಟೆ ತರೋದಕ್ಕೆ ಹೇಳು."