ಎಡಗಿವಿ

ಬೇಲಿಯ ನೆತ್ತಿಯ ಮೇಲೆ, ಕುದುರೆಗಳೆರಡೂ ಇನ್ನೂ ಗಾಳಿಯಲ್ಲಿದ್ದಾಗಲೇ, ರಾದಿಮ್‌ನ ಚಾವಟಿ ಯಿಂದ್ರನ ಹುಬ್ಬನ್ನು ಸೀಳಿತು.

ಆಚೆ ತಾಕ್ಸಿಸ್ ಎಂಬ ಕಂದಕ. ಆಳೆತ್ತರದ ಬೇಲಿ ಅದನ್ನು ಮುಚ್ಚಿರುತ್ತದೆ. ಹಾರಿದ ಮೇಲಷ್ಟೇ ಕುದುರೆಗೆ ಕಾಣುವುದು. ಪಾರ್ದುಬಿತ್ಸೆ ಕುದುರೆ ಪಂದ್ಯದ ಆ ಹೊಂಡದಲ್ಲಿ ಮುರಿದ ಕತ್ತುಗಳಿಗೆ ಲೆಕ್ಕವಿಲ್ಲ.

ಎರಡು ಕುದುರೆ, ಇಬ್ಬರು ಸವಾರರು, ಒಂದೇ ಮುದ್ದೆಯಾಗಿ ಕೆಸರಿಗೆ ಅಪ್ಪಳಿಸಿದರು.

ಬೆಳಿಗ್ಗೆ ಕುದುರೆಗಳ ಒಡೆಯ ಹವ್ರಾನೆಕ್ ಸವಾರರಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ್ದ: "ಲೀಪಾ, ಬ್ರೀಜಾ ಒಂದೇ ತಾಯಿ ಮಕ್ಕಳು, ಬ್ರೀಜಾನ ಹಣೆಯ ಬಿಳಿ ಚುಕ್ಕೆ ಬಿಟ್ರೆ ಒಂದೇ ರೂಪ, ನಿಜ. ಆದ್ರೆ ಈ ಚಳಿಗಾಲಕ್ಕೆ ಹುಲ್ಲಿರೋದು ಒಬ್ಬಳಿಗೇ. ಮುಂದೆ ಬಂದೋಳು ಲಾಯಕ್ಕೆ. ಹಿಂದೆ ಉಳಿದೋಳು ಕಟುಕನ ಬಂಡಿಗೆ."

"ನಿನ್ನ ಲೀಪಾ ಸಾಸೇಜ್ ಆದ್ಮೇಲೆ ಸಾಸಿವೆ ನಾನು ತರ್ತೀನಿ ಕಣೋ," ಎಂದು ಬ್ರೀಜಾಳ ಸವಾರ ರಾದಿಮ್ ನಕ್ಕಿದ್ದ.

ಲೀಪಾಳನ್ನು ಮರಿಯಿಂದ ಸಾಕಿದವನು ಯಿಂದ್ರ. ಅವನು ಹೆಸರು ಹಿಡಿದು ಕರೆದರೆ ಸಾಕು, ಎಡಗಿವಿಯೊಂದನ್ನೇ ತಿರುಗಿಸುತ್ತಿದ್ದಳು.

ಈಗ ಕಂದಕದ ಕೆಸರಿನಿಂದ ಏಳುತ್ತಿದ್ದವನ ಕಾಲನ್ನು ರಾದಿಮ್ ಹಿಡಿದೆಳೆದ. ಯಿಂದ್ರ ಬೂಟಿನಿಂದ ಅವನ ಭುಜಕ್ಕೆ ಒದ್ದ. ಮೂಳೆ ಲಟಕ್ಕೆಂದಿತು. ಕಣ್ಣಿಗಿಳಿಯುತ್ತಿದ್ದ ರಕ್ತವನ್ನು ತೋಳಿನಿಂದ ಒರೆಸಿಕೊಂಡು, ನಡುಗುತ್ತ ನಿಂತಿದ್ದ ಕುದುರೆಯ ಲಗಾಮು ಹಿಡಿದು ಹತ್ತಿದ. ಬಿದ್ದವನು ಮತ್ತೆ ಹತ್ತಿ ಓಡಿಸಬಹುದು. ಅಲ್ಲಿನ ರೂಢಿ ಅದು.

"ಇಳಿಯೋ ಕಳ್ಳ. ಅದು ನಂದು," ಹಿಂದಿನಿಂದ ರಾದಿಮ್ ಅರಚಿದ.

"ಗೆದ್ದೋನದ್ದು ಕಣೋ."

ಕಾಲಿಡುವ ರಿಕಾಪು ಯಾಕೋ ಉದ್ದವಾಗಿತ್ತು. ಬಿದ್ದ ರಭಸಕ್ಕೆ ಪಟ್ಟಿ ಜಗ್ಗಿರಬೇಕು.

"ಓಡೇ ಲೀಪಾ. ನಿನ್ನ ಉಳಿಸ್ಕೊಳ್ಳೋಕೇ ಹೊಡೀತಿರೋದು, ಬೈಕೋಬೇಡ."

ಕಿವಿ ಅಲುಗಲಿಲ್ಲ. ಮುನಿಸು ಎಂದುಕೊಂಡ. ಇನ್ನೂ ಬಲವಾಗಿ ಬೀಸಿದ. ಪಕ್ಕೆಯ ಚರ್ಮ ಕಿತ್ತು ಚಾವಟಿಗೆ ಅಂಟಿತು. ಅಡ್ಡ ಬಂದ ಸವಾರನೊಬ್ಬನ ಮುಖಕ್ಕೂ ಅದೇ ಚಾವಟಿ ಬಿತ್ತು. ಒಂದೊಂದೇ ಕುದುರೆ ಹಿಂದೆ ಸರಿಯಿತು. ಕೊನೆಯ ಗೆರೆ ದಾಟುವಾಗ ಅವನ ಮುಂದೆ ಯಾರೂ ಇರಲಿಲ್ಲ.

ಜನ ಚಪ್ಪಾಳೆ ತಟ್ಟಲಿಲ್ಲ. ತೀರ್ಪುಗಾರರು ಕೈಬೀಸುತ್ತ ಓಡಿಬಂದರು. ಅವರನ್ನು ಪಕ್ಕಕ್ಕೆ ತಳ್ಳಿ ಬಂದ ಹವ್ರಾನೆಕ್, ಕುದುರೆಯ ಹಣೆಯ ಕೆಸರನ್ನು ಅಂಗೈಯಿಂದ ಒರೆಸಿದ. ಯಿಂದ್ರನನ್ನು ದಿಟ್ಟಿಸಿದ.

"ಇವರು ಏನಾದ್ರೂ ಬರ್ಕೊಳ್ಳಲಿ. ನಾನು ನೋಡೋದು ಕುದುರೆನ, ಮೇಲೆ ಕೂತೋನನ್ನಲ್ಲ," ಎಂದ. "ಬ್ರೀಜಾನ ಲಾಯಕ್ಕೆ ಹೊಡ್ಕೊಂಡು ಹೋಗಿ. ಬಂಡಿಯೋನಿಗೆ ಕಂದಕದ ಹತ್ರ ಹೋಗೋಕೆ ಹೇಳಿ."

"ಲೀಪಾ," ಯಿಂದ್ರ ಚೀರಿದ.

ದೂರದ ಕಂದಕದ ದಡದಲ್ಲಿ, ಮೈತುಂಬ ಕೆಸರು ಮೆತ್ತಿಕೊಂಡು ನಿಂತಿದ್ದ ಕುದುರೆಯೊಂದು ಎಡಗಿವಿಯನ್ನಷ್ಟೇ ಇತ್ತ ತಿರುಗಿಸಿತು.